ಹನ್ನೆರಡನೇ ನಂಬರಿನ ತುಳಸಿ ಕಟ್ಟೆ

ನನ್ನ ಕಂಪ್ಯೂಟರಿಗೆ ಹನ್ನೊಂದು ವರ್ಷ, ನನಗೆ ಎಪ್ಪತ್ತೊಂದು. ಇಬ್ಬರೂ ಏಳುವುದು ಸ್ವಲ್ಪ ನಿಧಾನ. ಎದ್ದ ಮೇಲೆ ಕೆಲಸಕ್ಕೆ ಮೋಸವಿಲ್ಲ. ಹೀಗೆ ಹೊಂದಿಕೊಂಡು ಹೋಗುತ್ತಿದ್ದಾಗ ಒಂದು ಬೆಳಿಗ್ಗೆ ಪರದೆಯ ಮೇಲೆ ಒಂದು ಪ್ರಕಟಣೆ ಬಂತು. ಈ ಯಂತ್ರ ಹೊಸ ವಿಂಡೋಸಿಗೆ ಅರ್ಹವಲ್ಲ, ಹಳೆಯದಕ್ಕೆ ಇನ್ನು ಬೆಂಬಲವಿಲ್ಲ, ಹೊಸ ಕಂಪ್ಯೂಟರ್ ಕೊಳ್ಳುವುದನ್ನು ಪರಿಗಣಿಸಿ ಎಂದು ಬಹಳ ವಿನಯದಿಂದ ತಿಳಿಸಿತು. ವಯಸ್ಸಾಯಿತು ಎಂಬುದನ್ನು ಇಷ್ಟು ಮರ್ಯಾದೆಯಿಂದ ಯಾರೂ ನನಗೆ ಹೇಳಿರಲಿಲ್ಲ.

ನಾನು ಧಾರವಾಡದಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಫಿಲೋಮಿನಾ ನಮಗೆ ಎರಡೇ ಎರಡು ನಿಯಮ ಹೇಳಿಕೊಟ್ಟಿದ್ದರು. ಒಂದು, "ಎ ಲೇಡಿ ಮೆಂಡ್ಸ್." ಹರಿದದ್ದನ್ನು ಎಸೆಯಬಾರದು, ಹೊಲಿದು ಬಳಸಬೇಕು. ಎರಡು, "ಎ ಲೇಡಿ ನೆವರ್ ಲೈಸ್." ಅದಕ್ಕೆ ಅರ್ಥ ಹೇಳಬೇಕಾಗಿಲ್ಲ. ಈ ಬರಹ ಮುಗಿಯುವುದರೊಳಗೆ ಎರಡೂ ನನಗೆ ಕೈಕೊಡುತ್ತವೆ. ಆದರೆ ಆ ಬೆಳಿಗ್ಗೆ ನನಗೆ ನೆನಪಾದದ್ದು ಮೊದಲನೆಯದು ಮಾತ್ರ. ಹೊಸ ಕಂಪ್ಯೂಟರ್ ಯಾಕೆ? ಇದನ್ನೇ ರಿಪೇರಿ ಮಾಡಿದರಾಯಿತು!

ನನ್ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಕಸೂತಿ. ಕಣ್ಣು ನೆಟ್ಟಗಿದ್ದಾಗ ಸೂಜಿಯಲ್ಲಿ ಹಾಕುತ್ತಿದ್ದೆ, ಎಳೆ ಎಣಿಸಿ, ಗಂಟು ಹಾಕದೆ, ಹಿಂದೆ ಮುಂದೆ ಒಂದೇ ತರಹ ಕಾಣುವಂತೆ. ಕಣ್ಣು ಕೈಕೊಟ್ಟ ಮೇಲೆ ಕಂಪ್ಯೂಟರಿನಲ್ಲಿ ಹಾಕುತ್ತೇನೆ. ಗೋಪುರ, ಆನೆ, ಗಿಳಿ, ತೇರು ಎಲ್ಲವನ್ನೂ ಚೌಕ ಚೌಕವಾಗಿ ಬರೆದು ಕೊಟ್ಟರೆ, ಕಾಡುಗೋಡಿಯಲ್ಲಿ ಮುನಿರಾಜು ಎಂಬವರ ಎಂಬ್ರಾಯ್ಡರಿ ಯೂನಿಟ್ಟಿನ ಮಿಶಿನ್ನುಗಳು ಅವನ್ನು ಬಟ್ಟೆಯ ಮೇಲೆ ಹೊಲಿಯುತ್ತವೆ. ಹೀಗೆ ಬರೆಯಲು ಒಂದು ತಂತ್ರಾಂಶವಿದೆ. ಅದು ವಿಂಡೋಸಿನಲ್ಲಿ ಮಾತ್ರ ನಡೆಯುತ್ತದೆ. ಅದೂ ಒಂದು ಪುಟ್ಟ ಹಸಿರು ಕೀಲಿಯನ್ನು ಕಂಪ್ಯೂಟರಿನ ಪಕ್ಕೆಗೆ ಚುಚ್ಚಿದರೆ ಮಾತ್ರ. ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಇಡಲಿಲ್ಲ.

ಆ ವಾರವೇ ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ಉಪನ್ಯಾಸವಿತ್ತು. ವಿಷಯ: ಹಳೆಯ ಕಂಪ್ಯೂಟರಿಗೆ ಹೊಸ ಜೀವ. ಗಡ್ಡದ ಮಹನೀಯರೊಬ್ಬರು ಲಿನಕ್ಸ್ ಎಂಬ ಸಿಸ್ಟಮ್ಮಿನ ಬಗ್ಗೆ ಮಾತಾಡಿದರು. "ಇದು ಯಾರಪ್ಪನ ಸ್ವತ್ತೂ ಅಲ್ಲ. ತಗೊಳ್ಳಿ, ಬಳಸಿ, ಬೇಕಾದ್ರೆ ಬದಲಾಯಿಸಿ, ಇನ್ನೊಬ್ಬರಿಗೆ ಕೊಡಿ. ಯಾರೂ ಕೇಳೋ ಹಾಗಿಲ್ಲ. ಇದು ಸ್ವಾತಂತ್ರ್ಯ!" ಎಂದರು.

ನನಗೆ ರೋಮಾಂಚನವಾಯಿತು. ಪಕ್ಕದಲ್ಲಿ ಕುಳಿತಿದ್ದ ಗಿರಿಜಕ್ಕ ನನ್ನ ಕಿವಿಗೆ ಬಾಗಿ, "ಇದೇನ ಹೊಸಾದು? ನಮ್ಮ ಉಡಿ ತುಂಬೋ ಖಣದ ಕಾನೂನ ಇದ ಅಲ್ಲೇನ?" ಎಂದರು.

ನಿಜವಾಗಿಯೂ ಹಾಗೆಯೇ. ನಮ್ಮ ಕಡೆ ಮದುವೆ ಮುಂಜಿಗಳಲ್ಲಿ ಹೆಂಗಸರ ಉಡಿಗೆ ಅಕ್ಕಿ, ತೆಂಗಿನಕಾಯಿಯ ಜೊತೆ ಒಂದು ಖಣ, ಅಂದರೆ ಕುಪ್ಪಸದ ತುಂಡು, ಇಡುತ್ತಾರೆ. ಅದನ್ನು ಹೊಲಿಸಿ ತೊಟ್ಟವರನ್ನು ನಾನು ಈವರೆಗೆ ಕಂಡಿಲ್ಲ. ಅದು ಕಪಾಟಿಗೆ ಹೋಗುತ್ತದೆ, ಕಪಾಟಿನಿಂದ ಇನ್ನೊಬ್ಬರ ಉಡಿಗೆ ಹೋಗುತ್ತದೆ, ಅಲ್ಲಿಂದ ಮತ್ತೊಬ್ಬರ ಉಡಿಗೆ. ತಗೊಳ್ಳಿ, ಇನ್ನೊಬ್ಬರಿಗೆ ಕೊಡಿ, ಯಾರೂ ಕೇಳೋ ಹಾಗಿಲ್ಲ.

ಗಿರಿಜಕ್ಕ ನಮ್ಮ ಎದುರು ಮನೆಯವರು, ಹುಬ್ಬಳ್ಳಿಯವರು, ನನಗಿಂತ ಎರಡು ವರ್ಷ ಹಿರಿಯರು. ಒಂಬತ್ತು ವರ್ಷಗಳಿಂದ ದಿನಾ ನಾಲ್ಕು ಗಂಟೆಗೆ ಅವರ ಮನೆಯಲ್ಲಿ ನನಗೆ ಕಾಫಿ. ಈ ಊರಿನಲ್ಲಿ ನನ್ನ ಮಾತಿಗೆ ನನ್ನದೇ ಮಾತಿನಲ್ಲಿ ಉತ್ತರ ಸಿಗುವುದು ಆ ಒಂದು ಗಂಟೆ ಮಾತ್ರ. ಅವರ ಮೊಮ್ಮಗಳು ಸಹನಾಳ ಮದುವೆ ಹತ್ತಿರ ಬಂದಿತ್ತು. ಐವತ್ತೊಂದು ಖಣಕ್ಕೆ ಕಸೂತಿ ಹಾಕಿಸುವ ಹೊಣೆ ನನ್ನದು.

"ತುಳಸಿ ಕಟ್ಟೀನ ಇರ್ಲಿ ಸುಶೀಲಾ," ಎಂದಿದ್ದರು. "ನಮ್ಮವ್ವನ ಸೀರಿ ಸೆರಗಿನ್ಯಾಗ ಅದ ಇತ್ತು. ಆಕಿ ಅಂತೂ ಇಲ್ಲ. ಆಕಿ ತುಳಸಿ ಕಟ್ಟಿ ಆದ್ರೂ ಮದವಿಗೆ ಬರ್ಲಿ."

ಆ ಸೆರಗನ್ನು ಮುಂದಿಟ್ಟುಕೊಂಡು ಎಳೆ ಎಣಿಸಿ ನಾನು ಆಗಲೇ ತುಳಸಿ ಕಟ್ಟೆ ಬರೆದಿಟ್ಟಿದ್ದೆ. ಹೊಲಿಗೆಗೆ ಕಳಿಸುವುದೊಂದೇ ಬಾಕಿ. ಮದುವೆಗೆ ಇನ್ನೂ ಹತ್ತು ದಿನವಿತ್ತು. ಬುದ್ಧಿವಂತರು ಮೊದಲು ಕಳಿಸಿ ಆಮೇಲೆ ಸ್ವಾತಂತ್ರ್ಯ ಪಡೆಯುತ್ತಾರೆ.

ಉಪನ್ಯಾಸ ಮುಗಿದ ಮೇಲೆ ಗಡ್ಡದವರನ್ನು ಕೇಳಿದೆ, "ನನ್ನ ಕೆಲಸದ ತಂತ್ರಾಂಶ ಇದರಲ್ಲಿ ನಡೆಯುತ್ತದೆಯೇ?"

"ಅದಕ್ಕೊಂದು ಪರ್ಯಾಯ ಇದ್ದೇ ಇರುತ್ತೆ ಮೇಡಂ. ಆದ್ರೆ ಹಳೇದನ್ನ ಅಳಿಸ್ಬೇಡಿ. ಮೊದ್ಲು ಪೆನ್‌ಡ್ರೈವಿಂದ ನಡಿಸಿ ನೋಡಿ," ಎಂದರು.

ನನ್ನ ಕಿವಿಗೆ ಮೊದಲ ವಾಕ್ಯ ಮಾತ್ರ ಬಿತ್ತು. ವಯಸ್ಸಿನ ಕಿವುಡಲ್ಲ, ಉತ್ಸಾಹದ ಕಿವುಡು.

ಅವರು ಕೊಟ್ಟ ಪೆನ್‌ಡ್ರೈವ್ ಹಿಡಿದು ಮನೆಗೆ ಬಂದೆ. ನಮ್ಮವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಪೇಪರಿನಿಂದ ತಲೆ ಎತ್ತದೆ ಕೇಳಿದರು:

"ಅದು ಕೆಟ್ಟೈತೇನ?"

"ಕೆಟ್ಟಿಲ್ಲರೀ. ಬೆಂಬಲ ಇಲ್ಲಂತ."

"ನಡದ ಮಿಶಿನ್ ಮುಟ್ಟಬಾರದು. ಮೂವತ್ತೆರಡು ವರ್ಷದಾಗ ನಾ ಕಲ್ತದ್ದು ಇದೊಂದ."

"ನಿಮ್ಮದು ಲೇತ್ ಮಿಶಿನ್. ಇದು ಟೆಕ್ನಾಲಜಿ."

ಅವರು ಪುಟ ತಿರುವಿದರು. ಮದುವೆಯಾಗಿ ನಲವತ್ತೇಳು ವರ್ಷವಾದ ಮೇಲೆ ಗಂಡಂದಿರು ವಾದ ಮಾಡುವುದಿಲ್ಲ, ಕಾಯುತ್ತಾರೆ.

ನಾನು ಎಚ್ಚರಿಕೆಯ ಹೆಂಗಸು. ನನ್ನ ವಿನ್ಯಾಸಗಳ ಫೋಲ್ಡರನ್ನು ಮೊದಲು ಇನ್ನೊಂದು ಪೆನ್‌ಡ್ರೈವಿಗೆ ತುಂಬಿಸಿಕೊಂಡೆ. ನಲವತ್ತು ವಿನ್ಯಾಸಗಳಿದ್ದವು. ಮುನಿರಾಜು ಅವರ ಹಳೆಯ ಮಿಶಿನ್ ಉದ್ದ ಹೆಸರುಗಳನ್ನು ಒಪ್ಪುವುದಿಲ್ಲವಾದ್ದರಿಂದ ಎಲ್ಲಕ್ಕೂ ಬರಿಯ ನಂಬರು. ಯಾವ ನಂಬರು ಯಾವ ಚಿತ್ರ ಎಂಬ ಪಟ್ಟಿಯನ್ನು ಬೇರೆಯಾಗಿ, ಕಣ್ಣಿಗೆ ಬೀಳುವಂತೆ, ಪರದೆಯ ನಟ್ಟನಡುವೆ "ಇಂಪಾರ್ಟೆಂಟ್" ಎಂಬ ಹೆಸರಿನಲ್ಲಿ ಇಟ್ಟಿದ್ದೆ. ಅಂದರೆ, ಫೋಲ್ಡರಿನ ಹೊರಗೆ.

ಹೊಸ ಸಿಸ್ಟಮ್ ಸಭ್ಯವಾಗಿ ಒಂದು ಪ್ರಶ್ನೆ ಕೇಳಿತು. ಹಳೆಯದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತೀರೋ, ಎಲ್ಲ ಅಳಿಸಿ ಹೊಸದಾಗಿ ಶುರುಮಾಡುತ್ತೀರೋ? ಎರಡು ದೋಣಿಯಲ್ಲಿ ಕಾಲಿಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎನಿಸಿತು. ಅಳಿಸು ಎಂದೆ. "ಆರ್ ಯು ಶೂರ್?" ಎಂದಿತು. ಇಂಗ್ಲಿಷಿನಲ್ಲಿ ಕೇಳಿದರೆ ನನಗೆ ಹುಂಬ ಧೈರ್ಯ. ಯೆಸ್ ಎಂದೆ!

ಅರ್ಧ ಗಂಟೆಯಲ್ಲಿ ಸ್ವಾತಂತ್ರ್ಯ ಬಂತು. ಸುಂದರವಾದ ಬೆಟ್ಟದ ಚಿತ್ರ, ತೊಳೆದ ಹಾಗಿದ್ದ ಪರದೆ. ಕಂಪ್ಯೂಟರ್ ಹದಿನಾರರ ಹುಡುಗಿಯಂತೆ ಓಡತೊಡಗಿತು. ನಾನು ಹೆಮ್ಮೆಯಿಂದ ಹಸಿರು ಕೀಲಿಯನ್ನು ಚುಚ್ಚಿದೆ. ಕೀಲಿಯಲ್ಲಿ ಪುಟ್ಟ ದೀಪ ಹೊತ್ತಿಕೊಂಡಿತು. ಅಷ್ಟೇ. ದೀಪ ಉರಿಯಿತು, ದೇವರು ಇರಲಿಲ್ಲ. ತಂತ್ರಾಂಶ ಅಳಿದುಹೋಗಿತ್ತು. ಅದರ ಸಿ.ಡಿ. ಹುಡುಕಿ ತಂದು ಹಾಕಿದರೆ, ಹೊಸ ಸಿಸ್ಟಮ್ ಅದನ್ನು ಪರಭಾಷೆಯ ನೆಂಟನನ್ನು ನೋಡಿದಂತೆ ನೋಡಿ ಸುಮ್ಮನಾಯಿತು.

ಇರಲಿ, ಪರ್ಯಾಯ ಇದ್ದೇ ಇದೆಯಲ್ಲ! ಅದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಆದರೆ ವೈಫೈ ಬರಲೊಲ್ಲದು. ಗಡ್ಡದವರಿಗೆ ಫೋನ್ ಮಾಡಿದೆ.

"ಹಳೇ ಮಾಡೆಲ್ ಅಲ್ವಾ ಮೇಡಂ, ಆ ವೈಫೈಗೆ ಒಂದ್ ಚಿಕ್ಕ ಫೈಲ್ ಹಾಕ್ಬೇಕು ಅಷ್ಟೇ."

"ಅದು ಎಲ್ಲಿ ಸಿಗುತ್ತದೆ?"

"ಇಂಟರ್ನೆಟ್ಟಲ್ಲಿ."

ಇಂಟರ್ನೆಟ್ ಬರಬೇಕಾದರೆ ಇಂಟರ್ನೆಟ್ ಬೇಕು! ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಫೋನಿನಿಂದ ಕೊಡಬಹುದು ಎಂದು ಅವರು ಇನ್ನೇನೋ ಹೇಳಿದರು. ಒಂದು ಕಪ್ಪು ಕಿಟಕಿ ತೆಗೆಸಿ ಅದರಲ್ಲಿ ಸಾಲು ಸಾಲಾಗಿ ಮಂತ್ರ ಬರೆಸಿದರು. ಮಂತ್ರದಲ್ಲಿ ಒಂದು ಚುಕ್ಕೆ ತಪ್ಪಿದರೂ ಫಲವಿಲ್ಲ. ನನ್ನವು ಎಷ್ಟು ತಪ್ಪಿದವೋ, ಸಂಜೆಯ ಹೊತ್ತಿಗೆ ಸ್ಪೀಕರಿನ ಶಬ್ದವೂ ನಿಂತುಹೋಯಿತು.

"ಸುಮ್ಮನ ಆತಲ್ಲ, ಛಲೋ ಆತು," ಎಂದರು ನಮ್ಮವರು.

ಹೀಗೆಯೇ ಎರಡು ದಿನ ಕಳೆಯಿತು. ಮೂರನೆಯ ದಿನ ಮುನಿರಾಜು ತಾವೇ ಸ್ಕೂಟರಿನಲ್ಲಿ ಬಂದರು.

"ಅಮ್ಮಾ, ಡಿಸೈನ್ ಕೊಡ್ಬಿಡಿ. ಇವತ್ತು ಮಿಶಿನ್ ಫ್ರೀ ಐತೆ. ನಾಳೆಯಿಂದ ಸ್ಕೂಲ್ ಯೂನಿಫಾರಂ ಆರ್ಡರ್ ಹತ್ತುತ್ತೆ, ಆಮೇಲೆ ನನ್ನ ಕೇಳ್ಬೇಡಿ."

ಪೆನ್‌ಡ್ರೈವ್ ಇತ್ತು. ಒಳಗೆ ನಲವತ್ತು ಫೈಲುಗಳಿದ್ದವು. ಹಳೆಯ ತಂತ್ರಾಂಶದಲ್ಲಿ ಒಂದೊಂದರ ಮೇಲೂ ಪುಟ್ಟ ಚಿತ್ರ ಕಾಣುತ್ತಿತ್ತು. ಈಗ ನಲವತ್ತೂ ಒಂದೇ ತರಹದ ಬಿಳಿ ಹಾಳೆಗಳು, ಕೆಳಗೆ ನಂಬರು ಮಾತ್ರ. ಪಟ್ಟಿ ನೋಡೋಣವೆಂದರೆ "ಇಂಪಾರ್ಟೆಂಟ್" ವಿಂಡೋಸಿನ ಜೊತೆಯಲ್ಲೇ ಸಹಗಮನ ಮಾಡಿತ್ತು.

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಮುನಿರಾಜು ಅವರ ಯೂನಿಟ್ಟಿನಲ್ಲಿ ಎಲ್ಲರೂ ನನ್ನನ್ನು ಡಿಸೈನರಮ್ಮ ಎನ್ನುತ್ತಾರೆ. ಡಿಸೈನರಮ್ಮನಿಗೆ ತನ್ನ ತುಳಸಿ ಕಟ್ಟೆಯ ನಂಬರು ಗೊತ್ತಿಲ್ಲವೇ? ಕಣ್ಣು ಮುಚ್ಚಿ ಯೋಚಿಸಿದೆ. ನಾನು ನಂಬರು ಕೊಡುವಾಗ ನೆನಪಿಗೆ ಏನಾದರೂ ಒಂದು ಗುರುತು ಇಟ್ಟುಕೊಳ್ಳುವವಳು. ಹನ್ನೆರಡು ಎಂಬ ಸಂಖ್ಯೆ ಥಟ್ಟನೆ ಹೊಳೆಯಿತು. ಹನ್ನೆರಡು ಅಂದರೆ ದ್ವಾದಶಿ. ಕಾರ್ತಿಕದ ದ್ವಾದಶಿಗೆ ತುಳಸಿ ಮದುವೆ. ಸರಿಯೇ ಸರಿ!

"ನಂಬರ್ ಹನ್ನೆರಡು," ಎಂದೆ, ನ್ಯಾಯಾಧೀಶರಂತೆ.

ಮಧ್ಯಾಹ್ನ ಫೋನಿಗೆ ಒಂದು ಫೋಟೋ ಬಂತು, ಮೊದಲ ಖಣದ್ದು. ಅರ್ಧ ಚಿತ್ರವಿತ್ತು, ಉಳಿದರ್ಧ ಮುನಿರಾಜು ಅವರ ಹೆಬ್ಬೆರಳಿನ ಹಿಂದೆ ಇತ್ತು. ಕಂಡ ಅರ್ಧದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏನೋ ಇತ್ತು, ಮೇಲೆ ಗಿಡದ ಕುಡಿಯಂಥದ್ದೂ ಇತ್ತು. "ಲವ್ಲಿ. ಕೈಂಡ್ಲಿ ಪ್ರೊಸೀಡ್" ಎಂದು ಬರೆದು ಕಳಿಸಿದೆ.

ಆ ಹೊತ್ತಿಗೆ ಯೂನಿಟ್ಟಿನಲ್ಲಿ ಏನು ನಡೆಯಿತೆಂದು ನನಗೆ ಆಮೇಲೆ ತಿಳಿಯಿತು. ಮಿಶಿನ್ ನಡೆಸುವ ರೇಣವ್ವ ಕೊಪ್ಪಳದ ಕಡೆಯವಳು. ಮೊದಲ ಖಣ ಇಳಿದ ಕೂಡಲೇ ಆಕೆ, "ಅಣ್ಣಾರ, ಇದು ಮದವಿಗೆ ಬ್ಯಾಡ್ರೀ. ಒಮ್ಮಿ ಕೇಳ್ರೀ ಅಮ್ಮಾರ್ನ," ಎಂದಿದ್ದಳಂತೆ. ಮುನಿರಾಜು, "ಫೋಟೋ ಕಳಿಸಿ ಕೇಳಿದೀನಿ ಕಣಮ್ಮ, ಓಕೆ ಅಂದವ್ರೆ. ಅವ್ರು ಕಾನ್ವೆಂಟಲ್ಲಿ ಓದಿರೋರು, ನಿನಗಿಂತ ಜಾಸ್ತಿ ಗೊತ್ತಿರುತ್ತೆ. ಹೊಲಿ," ಎಂದರಂತೆ.

ಐವತ್ತೊಂದು ಖಣ ಹೊಲಿದು, ಚಿತ್ರ ಒಳಗೆ ಬರುವಂತೆ ಮಡಿಚಿ, ಗುಂಡುಸೂಜಿ ಹಾಕಿ, ಕಟ್ಟು ಕಟ್ಟಿ ಕಳಿಸಿಕೊಟ್ಟರು. ಅಷ್ಟು ಚೆಂದದ ಮಡಿಕೆಯನ್ನು ಬಿಚ್ಚಲು ನನಗೆ ಮನಸ್ಸು ಬರಲಿಲ್ಲ. ಗಿರಿಜಕ್ಕ ಕಟ್ಟನ್ನು ಹಾಗೆಯೇ ಎದೆಗೊತ್ತಿಕೊಂಡು, "ನಮ್ಮವ್ವ ಬಂದಂಗ ಆತು," ಎಂದರು. ನಾನು "ಡೋಂಟ್ ಮೆನ್ಶನ್" ಎಂದೆ. ಆ ಮಾತನ್ನು ಅಕ್ಷರಶಃ ಪಾಲಿಸಿದ್ದರೆ ಎಷ್ಟು ಚೆನ್ನಾಗಿತ್ತು!

ಮದುವೆ ಕಾಡುಗೋಡಿಯ ಕಲ್ಯಾಣ ಮಂಟಪದಲ್ಲಿ. ತಾಳಿ ಕಟ್ಟಿದ ಮೇಲೆ ಹೆಂಗಸರಿಗೆಲ್ಲ ಉಡಿ ತುಂಬಿದರು. ನಾನು ಮುಂದಿನ ಸಾಲಿನಲ್ಲಿ ಕುಳಿತು, ಪ್ರಶಂಸೆ ಬಂದರೆ ಹೇಗೆ ತಲೆ ತಗ್ಗಿಸಬೇಕೆಂದು ಅಭ್ಯಾಸ ಮಾಡುತ್ತಿದ್ದೆ. ಊಟದ ಪಂಕ್ತಿಗೆ ಕಾಯುತ್ತಿದ್ದಾಗ ಒಬ್ಬೊಬ್ಬರೇ ಖಣ ಬಿಚ್ಚತೊಡಗಿದರು. ಪಿಸುಪಿಸು ಶುರುವಾಯಿತು. ನಂತರ ಎಲ್ಲರ ಕಣ್ಣೂ ಸೀದಾ ಹೋಗಿ ಮದುಮಗಳ ಹೊಟ್ಟೆಯ ಮೇಲೆ ನಿಂತಿತು.

ಗೋಕಾಕದ ದೊಡ್ಡವ್ವ ಎಂದು ಗಿರಿಜಕ್ಕನ ದೊಡ್ಡ ನಾದಿನಿ, ವಯಸ್ಸು ಎಂಬತ್ತರ ಮೇಲೆ. ಖಣವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಇಡೀ ಮಂಟಪಕ್ಕೆ ಕೇಳುವಂತೆ ಅಂದರು:

"ಗಿರಿಜಾ, ಶುಭಕಾರ್ಯ ಲಗೂನ ಮಾಡಬೇಕು ಅಂತಾರ, ಖರೇ. ಇಷ್ಟು ಲಗೂನ ಏನವಾ?"

ಖಣದ ಮೇಲೆ, ಕೆಂಪು ದಾರದಲ್ಲಿ, ಅಚ್ಚುಕಟ್ಟಾಗಿ, ಒಂದೆಳೆಯೂ ತಪ್ಪದಂತೆ, ಒಂದು ತೊಟ್ಟಿಲು.

ನಾನು ಕಂಡದ್ದು ಮೆಟ್ಟಿಲಲ್ಲ, ತೊಟ್ಟಿಲಿನ ಸರಪಳಿ. ಗಿಡದ ಕುಡಿಯಲ್ಲ, ಮೇಲೆ ತೂಗುಬಿಟ್ಟ ಗಿಳಿ. ಮಗು ಮಲಗುವ ಭಾಗವೇ ಮುನಿರಾಜು ಅವರ ಹೆಬ್ಬೆರಳಿನ ಹಿಂದೆ ಇದ್ದದ್ದು! ಆ ಕ್ಷಣದಲ್ಲಿ, ಬೇಡವಾದ ಹೊತ್ತಿನಲ್ಲಿ, ನನ್ನ ನೆನಪಿನ ಶಕ್ತಿ ಪೂರ್ತಿ ಮರಳಿ ಬಂತು. ಹನ್ನೆರಡು ಅಂದರೆ ದ್ವಾದಶಿಯಲ್ಲ. ನಮ್ಮ ಮನೆಯಲ್ಲಿ ಕೂಸನ್ನು ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುತ್ತೇವೆ. ಅದಕ್ಕೇ ತೊಟ್ಟಿಲಿಗೆ ಹನ್ನೆರಡು ಕೊಟ್ಟಿದ್ದೆ.

ಸಹನಾ ನಕ್ಕಳು. ಬೀಗರು ನಗಲಿಲ್ಲ. ವರನ ತಾಯಿ ಖಣವನ್ನು ನಾಲ್ಕಾಗಿ, ಎಂಟಾಗಿ, ಹದಿನಾರಾಗಿ ಮಡಿಚಿದರು. ಗಿರಿಜಕ್ಕನ ಮುಖ ನೋಡಲಾಗದೆ ನಾನು ಎದ್ದು ನಿಂತು ಸಾರ್ವಜನಿಕ ಹೇಳಿಕೆ ಕೊಟ್ಟೆ. ತಪ್ಪು ಸಂಪೂರ್ಣ ನನ್ನದು, ನಾನು ಲಿನಕ್ಸಿಗೆ ಹೋದದ್ದರಿಂದ ಹೀಗಾಯಿತು, ಹುಡುಗಿ ನಿರ್ದೋಷಿ ಎಂದೆ.

"ಲಿನಕ್ಸ ಅಂದ್ರ ಯಾವೂರು?" ಎಂದರು ದೊಡ್ಡವ್ವ. "ಅಲ್ಲಿಗ್ಯಾಕ ಹೋಗಿದ್ದಿ, ಮದವಿ ಮನಿ ಕೆಲಸ ಇಟಗೊಂಡು?"

ನಾನು ಮೆಲ್ಲಗೆ ಕುಳಿತೆ.

ಗಿರಿಜಕ್ಕ ಬೈಯಲಿಲ್ಲ. ಬೈದಿದ್ದರೆ ಮುಗಿದುಹೋಗುತ್ತಿತ್ತು. "ಇರ್ಲಿ ಬಿಡ್ರಿ," ಎಂದರು. ಒಂಬತ್ತು ವರ್ಷ ನೀ ನೀ ಎಂದವರು ಬಹುವಚನಕ್ಕೆ ಹೋದರು. ಮರುದಿನ ನಾಲ್ಕು ಗಂಟೆಗೆ ಎದುರು ಮನೆಯ ಬಾಗಿಲು ಮುಚ್ಚಿತ್ತು. ಅದರ ಮರುದಿನವೂ. ಒಳಗಿನಿಂದ ಕಾಫಿಯ ವಾಸನೆ ಮಾತ್ರ ನಿಯಮ ತಪ್ಪದೆ ಬರುತ್ತಿತ್ತು.

ಎ ಲೇಡಿ ಮೆಂಡ್ಸ್! ನಾನು ಆಟೋ ಹಿಡಿದು ಕಾಡುಗೋಡಿಗೆ ಹೋಗಿ, ಮುನಿರಾಜು ಅವರದೇ ಕಂಪ್ಯೂಟರಿನ ಮುಂದೆ ಕುಳಿತು, ನಲವತ್ತು ಫೈಲುಗಳನ್ನೂ ಒಂದೊಂದಾಗಿ ತೆಗೆದು ನೋಡಿದೆ. ತುಳಸಿ ಕಟ್ಟೆ ಮೂವತ್ತೊಂದನೆಯದು. ಯಾಕೆ ಮೂವತ್ತೊಂದು ಎಂಬುದು ದೇವರಾಣೆ ನೆನಪಿಲ್ಲ. ರೇಣವ್ವನಿಗೆ ತೋರಿಸಿ, "ಇದು ತುಳಸಿ ಕಟ್ಟೇನೇ ಹೌದಲ್ಲ?" ಎಂದು ಮೂರು ಸಲ ಕೇಳಿದೆ. "ಹೌದ್ರೀ ಅಮ್ಮಾರ. ಆದ್ರ ಮದವಿ ಆಗೇತಲ್ರೀ?" ಎಂದಳು. ಕೇಳಿಸದವಳಂತೆ ಐವತ್ತೊಂದು ಹೊಸ ಖಣ ಹೊಲಿಸಿದೆ. ಗಿರಿಜಕ್ಕನ ಬಾಗಿಲ ಮುಂದೆ ಇಟ್ಟು ಬಂದೆ. ಸಂಜೆಗೆ ಆ ಕಟ್ಟು, ಬಿಚ್ಚದೆ, ನಮ್ಮ ಬಾಗಿಲ ಮುಂದೆ ಇತ್ತು. ಮದುವೆ ಎರಡೆರಡು ಸಲ ಆಗುವುದಿಲ್ಲವಲ್ಲ.

ಅವು ನನ್ನ ಕಪಾಟು ಸೇರಿದವು. ಗಡ್ಡದವರು ಬಂದು ವೈಫೈ ಸರಿಮಾಡಿಕೊಟ್ಟರೂ ಅವರ ಪರ್ಯಾಯ ನನ್ನ ಕೈಗೆ ಒಗ್ಗಲಿಲ್ಲ, ಕಂಪ್ಯೂಟರಿನಲ್ಲಿ ಈಗ ನಮ್ಮವರು ಇಸ್ಪೀಟು ಆಡುತ್ತಾರೆ. ಬಹಳ ಚೆನ್ನಾಗಿ ನಡೆಯುತ್ತದೆ ಎಂದು ದಿನಾ ಒಮ್ಮೆ ಹೊಗಳುತ್ತಾರೆ. ನಾನು ಕೆಲಸ ಮಾಡಬೇಕಾದರೆ ಕಾಡುಗೋಡಿಗೇ ಹೋಗುತ್ತೇನೆ. ಹಸಿರು ಕೀಲಿ ನನ್ನ ಪರ್ಸಿನಲ್ಲಿದೆ, ಹಾಳುಬಿದ್ದ ಮನೆಯ ಬೀಗದ ಕೈಯಂತೆ.

ವರ್ಷ ತುಂಬಿ ಎರಡು ತಿಂಗಳಾದ ಮೇಲೆ ನಮ್ಮ ಬಾಗಿಲಿಗೆ ಅರಿಷಿಣ ಕುಂಕುಮ ಬಂತು. ಸಹನಾಳಿಗೆ ಕುಬಸ. ಇತ್ತ ಕಡೆಯವರು ಸೀಮಂತ ಎನ್ನುತ್ತಾರಲ್ಲ, ಅದು. ಕರೆಯಲು ಬಂದವಳು ಸಹನಾಳೇ. "ಅಜ್ಜಿ ಬಾ ಅಂದಾರ," ಎಂದಳು. ಅಜ್ಜಿ ಅಂದಿರಲಿಕ್ಕಿಲ್ಲ, ಹುಡುಗಿ ಒಳ್ಳೆಯವಳು.

ಹೋಗುವುದಾದರೆ ಬರಿಗೈಯಲ್ಲಿ ಹೋಗುವ ಹಾಗಿಲ್ಲ, ಖಣ ಒಯ್ಯಬೇಕು. ಕಪಾಟಿನಲ್ಲಿ ಖಣಕ್ಕೇನು ಬರ! ಐವತ್ತೊಂದರಲ್ಲಿ ಒಂದನ್ನು ತೆಗೆದೆ.

ಅದೇ ಕ್ಲಬ್‌ಹೌಸು. ಹಸಿರು ಸೀರೆಯುಟ್ಟು ಸಹನಾ ಕುಳಿತಿದ್ದಳು. ಒಬ್ಬೊಬ್ಬರೇ ಬಂದು ಉಡಿ ತುಂಬತೊಡಗಿದರು. ಮೊದಲನೆಯವರು ಖಣ ಬಿಚ್ಚಿ ಇಟ್ಟರು. ಕೆಂಪು ದಾರದ ತೊಟ್ಟಿಲು. ಎರಡನೆಯವರದೂ ತೊಟ್ಟಿಲು. ಮೂರನೆಯವರದೂ. ಆಮೇಲೆ ಅರ್ಥವಾಯಿತು. ಆ ಖಣವನ್ನು ಯಾರೂ ಹೊಲಿಸಿ ತೊಟ್ಟಿಲ್ಲ, ಅದು ಸರಿಯೇ. ಆದರೆ ದಾಟಿಸುವುದಾದರೂ ಎಲ್ಲಿ? ಮದುವೆಗೆ ಕೊಡುವಂತಿಲ್ಲ, ಗೃಹಪ್ರವೇಶಕ್ಕೆ ಕೊಡುವಂತಿಲ್ಲ. ಇಡೀ ಬಳಗ ಹದಿನಾಲ್ಕು ತಿಂಗಳು ಅದನ್ನು ಕಪಾಟಿನಲ್ಲಿಟ್ಟುಕೊಂಡು ಒಂದು ಕುಬಸಕ್ಕಾಗಿ ಕಾಯುತ್ತಿತ್ತು! ಮೂವತ್ತರವರೆಗೆ ಎಣಿಸಿ ಬಿಟ್ಟೆ. ವರನ ತಾಯಿ ಕೂಡ ತಮ್ಮದನ್ನು ತಂದಿದ್ದರು, ಹದಿನಾರು ಮಡಿಕೆಯ ಗುರುತು ಹಾಗೆಯೇ ಇತ್ತು.

ಗಿರಿಜಕ್ಕನ ಭುಜ ಅಲುಗುವುದನ್ನು ಹಿಂದಿನಿಂದ ಕಂಡೆ. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ.

ಆ ಗದ್ದಲದಲ್ಲಿ ನಾನು ಮೆಲ್ಲಗೆ ನನ್ನದನ್ನೂ ರಾಶಿಗೆ ಸೇರಿಸಿ ಹಿಂದೆ ಸರಿದೆ. ಆದರೆ ಗೋಕಾಕದ ದೊಡ್ಡವ್ವನ ಕಣ್ಣು ಇನ್ನೂ ನನ್ನ ಕಣ್ಣಿನಂತಾಗಿಲ್ಲ. ರಾಶಿಯೊಳಗೆ ಕೈ ಹಾಕಿ ಸರಿಯಾಗಿ ಅದೊಂದನ್ನೇ ಎಳೆದು ಮೇಲೆತ್ತಿದರು.

"ಇದೇನವಾ! ಎಲ್ಲಾರೂ ಕುಬಸಕ್ಕ ತೊಟ್ಟಲಾ ತಂದ್ರ, ಇದ್ಯಾರು ತುಳಸಿ ಕಟ್ಟಿ ತಂದಾಕಿ?"

ಸಭೆ ಸುತ್ತಲೂ ನೋಡಿತು. ನಾನೂ ಸುತ್ತಲೂ ನೋಡಿದೆ. "ಯಾರೋ ಏನೋ, ಗೊತ್ತಿಲ್ಲರೀ," ಎಂದೆ.

ಗಿರಿಜಕ್ಕ ಎದ್ದು ಬಂದು ಖಣವನ್ನು ದೊಡ್ಡವ್ವನ ಕೈಯಿಂದ ತೆಗೆದುಕೊಂಡರು. ತುಳಸಿ ಕಟ್ಟೆಯ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗದೆ, ಗೋಡೆಗೆ ಹೇಳುವವರ ಹಾಗೆ ಹೇಳಿದರು:

"ನಾಳೆ ನಾಲ್ಕಕ್ಕ ಕಾಫಿಗೆ ಬಾ ಸುಶೀಲಾ. ಉಳಿದ ಐವತ್ತು ತಗೊಂಡು ಬಾ."

ಸಿಸ್ಟರ್ ಫಿಲೋಮಿನಾ ಕ್ಷಮಿಸಬೇಕು. ಎರಡನೆಯ ನಿಯಮ ಐವತ್ತು ಜನರ ಎದುರು ಮುರಿಯಿತು. ಮೊದಲನೆಯದನ್ನು ಪಾಲಿಸಲು ಹೋದದ್ದರಿಂದಲೇ ಇಷ್ಟೆಲ್ಲ ಆದದ್ದು. ಮನೆಗೆ ಬಂದೆ. ಪರದೆಯ ಮೇಲೆ ಇನ್ನೊಂದು ಪ್ರಕಟಣೆ ಕಾಯುತ್ತಿತ್ತು. ಹೊಸ ಆವೃತ್ತಿ ಬಂದಿದೆ, ಉಚಿತ, ಈಗಲೇ ಹಾಕಿಕೊಳ್ಳುತ್ತೀರಾ?

ನಾನು ನಮ್ಮವರನ್ನು ಕೇಳಿದೆ. ಇಸ್ಪೀಟಿನಿಂದ ತಲೆ ಎತ್ತದೆ ಅವರು ಅಂದರು, "ಅದು ಕೆಟ್ಟೈತೇನ?"